ಸಾಲುಗಟ್ಟಲು ಸಮಯ ಸಿಗದ ಲೋಹ

ನಿಮ್ಮ ನಡುವೆ ಈಗ ಕೈಯಿಂದ ಕೈಗೆ ಸಾಗುತ್ತಿರುವ ಪಟ್ಟಿಯನ್ನು ಸ್ವಲ್ಪ ಜೋಪಾನವಾಗಿ ಹಿಡಿಯಿರಿ. ಅದರ ಅಂಚು ಹರಿತ, ಬೆರಳು ಕೊಯ್ದೀತು. ದಪ್ಪ ಸುಮಾರು 25 ಮೈಕ್ರೊಮೀಟರ್, ಅಂದರೆ ತಲೆಗೂದಲಿಗಿಂತ ತೆಳು. ಬೆರಳುಗಳ ನಡುವೆ ಬಾಗಿಸಿ ಬಿಟ್ಟರೆ ತಟ್ಟನೆ ನೆಟ್ಟಗಾಗುತ್ತದೆ. ಪೂರ್ತಿ ಮಡಚಿದರೂ ಮುರಿಯುವುದಿಲ್ಲ. ಅದರಲ್ಲಿರುವುದು ಕಬ್ಬಿಣ, ಸಿಲಿಕಾನ್ ಮತ್ತು ಬೋರಾನ್, ಅಷ್ಟೇ. ಹೊಳೆಯುತ್ತದೆ, ವಿದ್ಯುತ್ತನ್ನು ಹರಿಸುತ್ತದೆ, ಅಯಸ್ಕಾಂತಕ್ಕೆ ಅಂಟುತ್ತದೆ. ಎಲ್ಲ ಲಕ್ಷಣಗಳಲ್ಲೂ ಅದು ಲೋಹ. ಆದರೆ ಅದರ ಪರಮಾಣುಗಳು ನಿಂತಿರುವ ರೀತಿಯನ್ನು ನೋಡಿದರೆ ಅದು ಕಿಟಕಿಯ ಗಾಜಿನ ಜಾತಿಗೆ ಸೇರಿದ್ದು. ಆದ್ದರಿಂದಲೇ ಅದನ್ನು ಲೋಹಗಾಜು ಎನ್ನುತ್ತೇವೆ.

ನಾವು ದಿನವೂ ಮುಟ್ಟುವ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ ಎಲ್ಲವೂ ಸ್ಫಟಿಕಗಳು. ಬರಿಗಣ್ಣಿಗೆ ಹಾಗೆ ಕಾಣುವುದಿಲ್ಲ. ಉಕ್ಕಿನ ತುಂಡನ್ನು ನುಣುಪಾಗಿ ತಿಕ್ಕಿ, ಆಮ್ಲ ಸವರಿ, ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಒಂದಕ್ಕೊಂದು ಅಂಟಿಕೊಂಡ ಹರಳುಗಳು ಕಾಣುತ್ತವೆ. ಪ್ರತಿ ಹರಳಿನೊಳಗೂ ಪರಮಾಣುಗಳು ಶಿಸ್ತಾಗಿ ಸಾಲುಗಟ್ಟಿರುತ್ತವೆ. ಎರಡು ಹರಳುಗಳು ಕೂಡುವ ಗಡಿಯಲ್ಲಿ ಮಾತ್ರ ಸಾಲುಗಳು ಹೊಂದುವುದಿಲ್ಲ. ಹರಳಿನ ಒಳಗೂ ಅಲ್ಲಲ್ಲಿ ಸಾಲು ತಪ್ಪಿದ ದೋಷಗಳಿರುತ್ತವೆ. ಈ ಗಡಿಗಳೂ ದೋಷಗಳೂ ಲೋಹದ ಬದುಕನ್ನು ನಿರ್ಧರಿಸುತ್ತವೆ ಎಂದರೆ ಉತ್ಪ್ರೇಕ್ಷೆಯಲ್ಲ. ಲೋಹ ಬಾಗುವುದು ದೋಷಗಳ ಚಲನೆಯಿಂದ. ತುಕ್ಕು ಹಲವು ವೇಳೆ ನುಗ್ಗುವುದು ಗಡಿಗಳ ಮೂಲಕ. ನಿಮ್ಮ ಕೈಯಲ್ಲಿರುವ ಪಟ್ಟಿಯಲ್ಲಿ ಹರಳೂ ಇಲ್ಲ, ಗಡಿಯೂ ಇಲ್ಲ, ತಪ್ಪಲು ಸಾಲೂ ಇಲ್ಲ. ಕರಗಿದ ಲೋಹದಲ್ಲಿ ಪರಮಾಣುಗಳು ಹೇಗೆ ಕಲಸಿಕೊಂಡಿದ್ದವೋ ಹೆಚ್ಚು ಕಡಿಮೆ ಹಾಗೆಯೇ ನಿಂತುಬಿಟ್ಟಿವೆ.

ಹೀಗೆ ನಿಲ್ಲಿಸುವುದು ಸುಲಭವಲ್ಲ. ಮರಳು ಕರಗಿಸಿ ಮಾಡುವ ಗಾಜಿನ ದ್ರವ ಬಲು ಗಟ್ಟಿ. ಅದರೊಳಗೆ ಪರಮಾಣುಗಳು ಜಾಗ ಬದಲಿಸಲು ಒದ್ದಾಡುತ್ತವೆ. ಆದ್ದರಿಂದ ನಿಧಾನವಾಗಿ ತಣಿಸಿದರೂ ಅದು ಸ್ಫಟಿಕವಾಗದೆ ಗಾಜಾಗಿಯೇ ಉಳಿಯುತ್ತದೆ. ಕರಗಿದ ಲೋಹ ಹಾಗಲ್ಲ, ನೀರಿನ ಹಾಗೆ ತೆಳ್ಳಗೆ ಹರಿಯುತ್ತದೆ. ಪರಮಾಣುಗಳು ಮಿಂಚಿನ ವೇಗದಲ್ಲಿ ಅತ್ತಿತ್ತ ಸರಿದು ಕ್ಷಣಾರ್ಧದಲ್ಲಿ ಸಾಲುಗಟ್ಟುತ್ತವೆ. ಅವುಗಳಿಗೆ ಆ ಅವಕಾಶ ಸಿಗಬಾರದು ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಡಿಗ್ರಿಯಷ್ಟು ವೇಗದಲ್ಲಿ ತಣಿಸಬೇಕು. ಈ ವೇಗದ ಲೆಕ್ಕವನ್ನು ದಯವಿಟ್ಟು ನೆನಪಿಡಿ. ಲೋಹಗಾಜಿನ ಚರಿತ್ರೆಯೆಂದರೆ ಆ ಸಂಖ್ಯೆಯನ್ನು ಇಳಿಸುತ್ತ ಬಂದ ಚರಿತ್ರೆ. ಅದರ ಉಪಯೋಗಗಳೂ ಅದೇ ಸಂಖ್ಯೆಯನ್ನು ಹಿಂಬಾಲಿಸಿ ಬಂದವು.

ಮೊದಲ ಲೋಹಗಾಜು 1960ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ಹುಟ್ಟಿತು. ಪೋಲ್ ಡುವೆಝ್ ಮತ್ತು ಅವರ ಜೊತೆಗಾರರಾದ ಕ್ಲೆಮೆಂಟ್, ವಿಲೆನ್ಸ್ ಹುಡುಕುತ್ತಿದ್ದುದು ಗಾಜನ್ನಲ್ಲ. ನಿಧಾನವಾಗಿ ತಣಿಸಿದರೆ ಪೂರ್ತಿ ಬೆರೆಯದ ಬೆಳ್ಳಿ ಮತ್ತು ತಾಮ್ರದಂಥ ಲೋಹಗಳನ್ನು, ಬೇರೆಯಾಗಲು ಬಿಡುವು ಕೊಡದೆ ತಣಿಸಿ ಒಂದೇ ಸ್ಫಟಿಕದಲ್ಲಿ ಸೇರಿಸಲು ಸಾಧ್ಯವೇ ಎಂದು ಅವರು ನೋಡುತ್ತಿದ್ದರು. ಅದಕ್ಕಾಗಿ ಕರಗಿದ ಲೋಹದ ಸಣ್ಣ ಹನಿಯನ್ನು ಅನಿಲದ ಆಘಾತ ತರಂಗದಿಂದ ತಾಮ್ರದ ತಗಡಿನ ಮೇಲೆ ಚಿಮ್ಮಿಸುವ ಉಪಕರಣ ಕಟ್ಟಿದ್ದರು. ಹನಿ ತಗಡಿಗೆ ಬಡಿದು ಹರಡಿಕೊಳ್ಳುತ್ತಿತ್ತು, ಹರಡಿದ್ದೇ ತಣ್ಣಗಾಗುತ್ತಿತ್ತು. ನೂರರಲ್ಲಿ 75 ಪರಮಾಣು ಚಿನ್ನ, 25 ಸಿಲಿಕಾನ್ ಇರುವ ಮಿಶ್ರಣವನ್ನು ಹೀಗೆ ಚಿಮ್ಮಿಸಿ ಎಕ್ಸ್-ರೇ ಹಾಯಿಸಿದಾಗ ಸ್ಫಟಿಕದ ತೀಕ್ಷ್ಣ ಗೆರೆಗಳು ಬರಲಿಲ್ಲ. ದ್ರವದಿಂದ ಬರುವಂಥ ಅಗಲವಾದ ಮಸುಕು ಪಟ್ಟೆ ಬಂತು. ಆ ತುಣುಕು ಕೊಠಡಿಯ ಉಷ್ಣಾಂಶದಲ್ಲೂ ಬಹಳ ಹೊತ್ತು ಬಾಳಲಿಲ್ಲ, ಸ್ಫಟಿಕವಾಗುತ್ತ ಹೋಯಿತು. ಎಂಜಿನಿಯರಿಂಗ್ ದೃಷ್ಟಿಯಲ್ಲಿ ಅದಕ್ಕೆ ಯಾವ ಬೆಲೆಯೂ ಇರಲಿಲ್ಲ. ಆದರೆ ಲೋಹವೂ ಗಾಜಾಗಬಲ್ಲದು ಎಂಬುದು ಖಚಿತವಾಯಿತು.

ಚಿನ್ನಕ್ಕೆ ಸಿಲಿಕಾನನ್ನೇ ಏಕೆ ಬೆರೆಸಬೇಕು? ಚಿನ್ನ ಕರಗುವುದು 1064 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸಿಲಿಕಾನ್ 1414ರಲ್ಲಿ. ತಕ್ಕ ಪ್ರಮಾಣದಲ್ಲಿ ಬೆರೆಸಿದರೆ ಮಿಶ್ರಣ 363 ಡಿಗ್ರಿಯಲ್ಲೇ ಕರಗಿಬಿಡುತ್ತದೆ! ನನಗೆ ಇಂದಿಗೂ ಬೆರಗು ಹುಟ್ಟಿಸುವ ಸಂಗತಿ ಇದು. ಇದರ ಫಲವೇನು ನೋಡಿ: ತಣಿಯುತ್ತ ಬರುವ ದ್ರವ ಆ ಕೆಳಗಿನ ಉಷ್ಣಾಂಶದವರೆಗೂ ದ್ರವವಾಗಿಯೇ ಇರುತ್ತದೆ. ಅಲ್ಲಿಂದ ಗಾಜಾಗಿ ಬಿಗಿಯುವ ಹಂತಕ್ಕೆ ಉಳಿದಿರುವುದು ಸಣ್ಣ ದೂರ. ಅಪಾಯದ ವಲಯ ಕಿರಿದಾದಷ್ಟೂ ಅದನ್ನು ದಾಟುವುದು ಸುಲಭ. ಡೇವಿಡ್ ಟರ್ನ್‌ಬುಲ್ ಎಂಬ ವಿಜ್ಞಾನಿ ಈ ತರ್ಕವನ್ನು ಗಣಿತಕ್ಕೆ ಇಳಿಸಿದರು. ಕೆಲ್ವಿನ್ ಮಾಪನದಲ್ಲಿ, ಗಾಜಾಗುವ ಉಷ್ಣಾಂಶವು ಕರಗುವ ಉಷ್ಣಾಂಶದ ಮೂರನೇ ಎರಡರಷ್ಟು ಇದ್ದರೆ ಆ ದ್ರವ ಸುಲಭವಾಗಿ ಗಾಜಾಗುತ್ತದೆ ಎಂಬುದು ಅವರ ಸೂತ್ರ. ಇಂದಿಗೂ ಹೊಸ ಮಿಶ್ರಲೋಹ ಹುಡುಕುವವರು ಮೊದಲು ಕೇಳುವ ಪ್ರಶ್ನೆ ಅದೇ.

ಇನ್ನು ಪಟ್ಟಿ ಏಕೆ ಇಷ್ಟು ತೆಳು? ಶಾಖವು ಲೋಹದ ನಡುವಿನಿಂದ ಹೊರಬರಬೇಕು. ದಪ್ಪ ಹೆಚ್ಚಿದಂತೆ ನಡುಭಾಗ ನಿಧಾನವಾಗಿ ತಣಿಯುತ್ತದೆ, ತಣಿಯುವಷ್ಟರಲ್ಲಿ ಅಲ್ಲಿ ಹರಳು ಕಟ್ಟಿರುತ್ತದೆ. ಕಬ್ಬಿಣದ ಈ ಮಿಶ್ರಣಕ್ಕೆ ಕೆಲವೇ ಹತ್ತಾರು ಮೈಕ್ರೊಮೀಟರ್ ಮಿತಿ. ಕಾರ್ಖಾನೆಯಲ್ಲಿ ಇದನ್ನು ತಯಾರಿಸುವ ಬಗೆ ಹೀಗಿದೆ. ಒಳಗಿನಿಂದ ನೀರು ಹರಿಸಿ ತಂಪಾಗಿಟ್ಟ ತಾಮ್ರದ ಮಿಶ್ರಲೋಹದ ಚಕ್ರ ವೇಗವಾಗಿ ತಿರುಗುತ್ತಿರುತ್ತದೆ. ಅದರ ಮೇಲ್ಮೈಯ ವೇಗ ಗಂಟೆಗೆ ನೂರು ಕಿಲೋಮೀಟರಿನ ಆಸುಪಾಸು. ಅದರ ಮೇಲೆ ಕರಗಿದ ಲೋಹವನ್ನು ಬಿಡುತ್ತಾರೆ. ಚಕ್ರಕ್ಕೆ ತಾಗಿದ್ದೇ ತಡ ಲೋಹ ಘನವಾಗಿ ಪಟ್ಟಿಯಾಗಿ ಹಾರುತ್ತದೆ. ಮೊದಮೊದಲು ದುಂಡನೆಯ ರಂಧ್ರದಿಂದ ಧಾರೆ ಬಿಡುತ್ತಿದ್ದರು, ಕೆಲವು ಮಿಲಿಮೀಟರ್ ಅಗಲದ ಪಟ್ಟಿ ಮಾತ್ರ ಸಿಗುತ್ತಿತ್ತು. ಅಲೈಡ್ ಕೆಮಿಕಲ್ ಸಂಸ್ಥೆಯ ಮಂಡಯಂ ನರಸಿಂಹನ್ ಅವರು ಉದ್ದನೆಯ ಸೀಳಿನ ಆಕಾರದ ಬಾಯಿಯನ್ನು ಚಕ್ರಕ್ಕೆ ಬಹುತೇಕ ತಾಗುವಷ್ಟು ಹತ್ತಿರ ತಂದರು. ದ್ರವ ಆ ಕಿರಿದಾದ ಸಂದಿನಲ್ಲೇ ನಿಂತು ಸಮನಾಗಿ ಹರಡಿತು. 1979ರಲ್ಲಿ ಈ ವಿಧಾನಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು. ಇಂದು 213 ಮಿಲಿಮೀಟರ್ ಅಗಲದ ಪಟ್ಟಿ ಮಾರುಕಟ್ಟೆಯಲ್ಲಿ ಸಿಗುತ್ತದೆ. ಲೋಹಗಾಜು ಪ್ರಯೋಗಾಲಯ ಬಿಟ್ಟು ಹೊರಬಂದದ್ದಕ್ಕೆ ಈ ಸೀಳುಬಾಯಿಗೆ ನಾವು ಋಣಿಗಳು. ಯಾವ ಮಹಾಸಿದ್ಧಾಂತಕ್ಕಿಂತಲೂ ಅದು ಕಡಿಮೆಯದಲ್ಲ ಎಂದು ನಾನು ನಂಬುತ್ತೇನೆ.

ಈ ಅಗಲ ಪಟ್ಟಿ ಹೋಗಿ ಸೇರಿದ್ದು ಟ್ರಾನ್ಸ್‌ಫಾರ್ಮರ್‌ಗೆ. ಇಲ್ಲಿ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ. ಲೋಹಗಾಜು ಎಂದೊಡನೆ ಪತ್ರಿಕೆಗಳು ಉಕ್ಕನ್ನು ಮೀರಿಸುವ ಬಲದ ಬಗ್ಗೆ ಬರೆಯುತ್ತವೆ. ಆದರೆ ಟನ್ನುಗಟ್ಟಲೆ ತಯಾರಾಗಿ ಮನುಷ್ಯರ ಉಪಯೋಗಕ್ಕೆ ಬಿದ್ದಿರುವುದು ಬಲಕ್ಕಾಗಿ ಅಲ್ಲ, ಕಾಂತಗುಣಕ್ಕಾಗಿ.

ವಿತರಣಾ ಟ್ರಾನ್ಸ್‌ಫಾರ್ಮರ್ ವರ್ಷದ 8760 ಗಂಟೆಯೂ ಎಚ್ಚರವಾಗಿರುತ್ತದೆ. ನಡುರಾತ್ರಿ ಯಾರೂ ದೀಪ ಹಚ್ಚದಿದ್ದರೂ ಅದರ ಹೃದಯದಲ್ಲಿರುವ ಕಬ್ಬಿಣದ ತಿರುಳು ಸೆಕೆಂಡಿಗೆ ಐವತ್ತೋ ಅರವತ್ತೋ ಸಲ ಉತ್ತರ ದಕ್ಷಿಣವಾಗಿ ಕಾಂತತ್ವ ಬದಲಿಸುತ್ತಲೇ ಇರುತ್ತದೆ. ಪ್ರತಿ ಬದಲಾವಣೆಗೂ ಒಂದಿಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. ಈ ನಷ್ಟಕ್ಕೆ ಎರಡು ದಾರಿಗಳು. ಕಾಂತ ವಲಯಗಳ, ಅಂದರೆ ಕಾಂತತ್ವ ಒಂದೇ ದಿಕ್ಕಿಗೆ ತಿರುಗಿರುವ ಪುಟ್ಟ ಪ್ರದೇಶಗಳ, ಗಡಿಗೋಡೆಗಳು ಸರಿಯುವಾಗ ಹರಳುಗಳ ಅಂಚಿಗೂ ದೋಷಗಳಿಗೂ ಸಿಕ್ಕಿಕೊಂಡು ಜಗ್ಗುವುದು ಒಂದು. ಬದಲಾಗುವ ಕಾಂತಕ್ಷೇತ್ರ ತಿರುಳಿನೊಳಗೇ ಸುಳಿಸುಳಿಯಾಗಿ ವಿದ್ಯುತ್ ಹರಿಸುವುದು ಇನ್ನೊಂದು.

ಲೋಹಗಾಜು ಎರಡನ್ನೂ ತಡೆಯುತ್ತದೆ. ಹರಳಿಲ್ಲದ ಕಡೆ ಗೋಡೆಗಳು ಸಿಕ್ಕಿಕೊಳ್ಳಲು ಜಾಗವಿಲ್ಲ, ಸಲೀಸಾಗಿ ಸರಿಯುತ್ತವೆ. ಪರಮಾಣುಗಳ ಅಸ್ತವ್ಯಸ್ತತೆ ಇಲೆಕ್ಟ್ರಾನುಗಳ ಓಟಕ್ಕೆ ಅಡ್ಡ ಬರುವುದರಿಂದ ವಿದ್ಯುತ್ ರೋಧವೂ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಸಿಲಿಕಾನ್ ಉಕ್ಕಿಗಿಂತ ಸುಮಾರು ಮೂರು ಪಟ್ಟು ಹೆಚ್ಚು. ಅದರ ಮೇಲೆ ಪಟ್ಟಿ ತೆಳು. ಸಾಮಾನ್ಯ ಟ್ರಾನ್ಸ್‌ಫಾರ್ಮರ್ ಉಕ್ಕಿನ ತಗಡು 230ರಿಂದ 300 ಮೈಕ್ರೊಮೀಟರ್ ಇದ್ದರೆ ಇದು ಅದರ ಹತ್ತನೇ ಒಂದರಷ್ಟು, ಸುಳಿಪ್ರವಾಹಕ್ಕೆ ಸುತ್ತಲು ಎಡೆಯೇ ಇಲ್ಲ. ಬೇಗ ತಣಿಸಬೇಕಾದ ಒತ್ತಾಯದಿಂದ ಬಂದ ತೆಳುತನ ಇಲ್ಲಿ ವರವಾಯಿತು. ಒಟ್ಟಿನಲ್ಲಿ ಹೊರೆ ಇಲ್ಲದಾಗಿನ, ಅಂದರೆ ಯಾರೂ ವಿದ್ಯುತ್ ಬಳಸದಾಗಿನ ನಷ್ಟ ಶೇಕಡ 60ರಿಂದ 70ರಷ್ಟು ಇಳಿಯುತ್ತದೆ.

ಇದನ್ನು ಅಂಕಿಯಲ್ಲಿ ನೋಡೋಣ. ಸಿಲಿಕಾನ್ ಉಕ್ಕಿನ ತಿರುಳಿರುವ ಒಂದು ಟ್ರಾನ್ಸ್‌ಫಾರ್ಮರ್ ಸುಮ್ಮನೆ ಇರುವಾಗ 200 ವಾಟ್ ತಿನ್ನುತ್ತದೆ, ಲೋಹಗಾಜಿನದು 60 ವಾಟ್ ತಿನ್ನುತ್ತದೆ ಎಂದುಕೊಳ್ಳಿ. ವ್ಯತ್ಯಾಸ 140 ವಾಟ್. ಎರಡು ಹಳೆಯ ಬಲ್ಬುಗಳಷ್ಟು, ಯಾರಿಗೂ ದೊಡ್ಡದೆನಿಸದು. 8760ರಿಂದ ಗುಣಿಸಿದರೆ ವರ್ಷಕ್ಕೆ 1226 ಯೂನಿಟ್. ಟ್ರಾನ್ಸ್‌ಫಾರ್ಮರ್ 25 ವರ್ಷ ಬಾಳಿದರೆ ಒಂದೇ ಪೆಟ್ಟಿಗೆಯಿಂದ ಮೂವತ್ತು ಸಾವಿರ ಯೂನಿಟ್ ಮೀರುತ್ತದೆ. ಒಂದು ದೊಡ್ಡ ಜಾಲದಲ್ಲಿ ಇಂಥ ಪೆಟ್ಟಿಗೆಗಳು ಲಕ್ಷಗಟ್ಟಲೆ ಇರುತ್ತವೆ. ಹೊರೆ ಕಡಿಮೆ ಇರುವ, ದಿನದ ಹೆಚ್ಚು ಹೊತ್ತು ಖಾಲಿ ನಿಂತಿರುವ ಕಡೆಗಳಲ್ಲಿ ಈ ಲಾಭ ಇನ್ನೂ ಎದ್ದು ಕಾಣುತ್ತದೆ. ಸದಾ ತುಂಬು ಹೊರೆಯಲ್ಲಿ ದುಡಿಯುವ ಟ್ರಾನ್ಸ್‌ಫಾರ್ಮರಿನಲ್ಲಿ ತಂತಿಯ ನಷ್ಟವೇ ಮೇಲುಗೈ ಪಡೆಯುವುದರಿಂದ ಅಷ್ಟು ಕಾಣುವುದಿಲ್ಲ. ಕೊಳ್ಳುವವರು ಈ ಭೇದವನ್ನು ಗಮನಿಸದೆ ಬರೀ ಮೊದಲ ಬೆಲೆಯನ್ನು ಹೋಲಿಸುವುದು ನನಗೆ ನೋವಿನ ಸಂಗತಿ.

ಈಗ ಎರಡನೆಯ ಪಟ್ಟಿಯನ್ನು ನೋಡಿ. ಮಿಶ್ರಣ ಅದೇ, ದಪ್ಪ ಅದೇ. ಸ್ವಲ್ಪ ಬಾಗಿಸಿ. ಮುರಿಯಿತಲ್ಲವೇ? ಇದನ್ನು ಕಾಂತಕ್ಷೇತ್ರದಲ್ಲಿಟ್ಟು ಹದವಾಗಿ ಕಾಯಿಸಲಾಗಿದೆ. ಥಟ್ಟನೆ ತಣಿದಾಗ ಒಳಗೆ ಉಳಿದ ಬಿಗಿತ ಸಡಿಲಿಸದಿದ್ದರೆ ಕಾಂತಗುಣ ಪೂರ್ತಿ ಸಿಗುವುದಿಲ್ಲ. ಸಡಿಲಿಸಿದರೆ ಪಟ್ಟಿ ಪೆಡಸಾಗುತ್ತದೆ. ಆದ್ದರಿಂದ ಮೊದಲು ತಿರುಳಿನ ಆಕಾರಕ್ಕೆ ತಂದು ಆಮೇಲೆ ಕಾಯಿಸುತ್ತಾರೆ, ಅದರ ನಂತರ ಬಹಳ ನಾಜೂಕಾಗಿ ಹಿಡಿಯುತ್ತಾರೆ. ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಸಿಲಿಕಾನ್ ಉಕ್ಕು ಸುಮಾರು 2 ಟೆಸ್ಲಾದವರೆಗೆ (ಟೆಸ್ಲಾ ಎಂಬುದು ಕಾಂತತ್ವದ ಅಳತೆ) ಕಾಂತತ್ವ ಹೊರಬಲ್ಲದು. ಇದು 1.56ಕ್ಕೆ ತುಂಬಿಹೋಗುತ್ತದೆ, ಏಕೆಂದರೆ ಶೇಕಡ ಇಪ್ಪತ್ತಕ್ಕೂ ಹೆಚ್ಚು ಪರಮಾಣುಗಳು ಕಬ್ಬಿಣವಲ್ಲ, ಗಾಜಾಗಲೆಂದು ಸೇರಿಸಿದ ಬೋರಾನ್ ಮತ್ತು ಸಿಲಿಕಾನ್. ಪಟ್ಟಿಯ ಮೇಲ್ಮೈ ಪೂರ್ತಿ ಸಮವಲ್ಲದ ಕಾರಣ ಒಂದರ ಮೇಲೊಂದು ಜೋಡಿಸಿದಾಗ ನಡುವೆ ಖಾಲಿ ಜಾಗವೂ ಉಳಿಯುತ್ತದೆ. ಎಲ್ಲ ಸೇರಿ ತಿರುಳು ದೊಡ್ಡದಾಗುತ್ತದೆ, ಅದನ್ನು ಸುತ್ತುವ ತಂತಿಯೂ ಹೆಚ್ಚುತ್ತದೆ. ಇಷ್ಟಾದರೂ ಲೆಕ್ಕ ಹಾಕಿದರೆ ಎಷ್ಟೋ ಕಡೆ ಅದೇ ಗೆಲ್ಲುತ್ತದೆ.

ಇದೇ ಪಟ್ಟಿಯ ಇನ್ನೊಂದು ತಮ್ಮನನ್ನು ನೀವೆಲ್ಲ ನೋಡಿದ್ದೀರಿ, ಗುರುತಿಸಿಲ್ಲ. ಅಂಗಡಿಯ ಸರಕುಗಳಿಗೆ ಕಳ್ಳತನ ತಡೆಯಲು ಅಂಟಿಸುವ ಉಬ್ಬಿದ ಬಿಳಿ ಪ್ಲಾಸ್ಟಿಕ್ ತುಣುಕನ್ನು ಬಿಡಿಸಿದರೆ ಒಳಗೆ ಸಡಿಲವಾಗಿ ಮಲಗಿರುವ ಹೊಳೆಯುವ ಲೋಹದ ಎಳೆ ಕಾಣುತ್ತದೆ. ಅದೇ ಲೋಹಗಾಜು. ಕಾಂತಕ್ಷೇತ್ರ ಬದಲಾದಾಗ ಅದರ ಉದ್ದವೂ ಅತ್ಯಲ್ಪವಾಗಿ ಬದಲಾಗುತ್ತದೆ. ಬಾಗಿಲ ಬಳಿಯ ಕಂಬ 58 ಸಾವಿರ ಹರ್ಟ್ಸ್‌ನಲ್ಲಿ ಕಾಂತ ಮಿಡಿತ ಕಳಿಸುತ್ತದೆ, ಎಳೆಯ ಉದ್ದವನ್ನು ಅದೇ ಆವರ್ತಕ್ಕೆ ಹೊಂದುವಂತೆ ಕತ್ತರಿಸಿರುತ್ತಾರೆ. ಎಳೆ ಕಂಪಿಸುತ್ತದೆ. ಮಿಡಿತ ನಿಂತ ಮೇಲೂ ಕಂಪನ ಕ್ಷಣಕಾಲ ಮುಂದುವರಿಯುತ್ತದೆ. ಆ ಮೌನದಲ್ಲಿ ಕಂಬ ಕಿವಿಗೊಟ್ಟು ಕೇಳುತ್ತದೆ, ಉತ್ತರ ಬಂದರೆ ಕೂಗುತ್ತದೆ. ಎಳೆಯ ಪಕ್ಕದಲ್ಲಿ ಇನ್ನೊಂದು ಸಣ್ಣ ಅಯಸ್ಕಾಂತದ ಪಟ್ಟಿ ಇರುತ್ತದೆ. ಹಣ ಪಾವತಿಸಿದಾಗ ಅದರ ಕಾಂತತ್ವವನ್ನು ಅಳಿಸುತ್ತಾರೆ. ಎಳೆಯ ಶ್ರುತಿ ತಪ್ಪುತ್ತದೆ, ಕಂಬ ಸುಮ್ಮನಿರುತ್ತದೆ. ಹರಳುಗಳಿದ್ದರೆ ಕಂಪನ ಬೇಗ ಸತ್ತುಹೋಗುತ್ತಿತ್ತು. ಒಮ್ಮೆ ಬಳಸಿ ಬಿಸಾಡುವ ವಸ್ತುವಿನೊಳಗೆ ಇಷ್ಟು ಸೊಗಸಾದ ಭೌತವಿಜ್ಞಾನ ಅಡಗಿದೆ.

ಇಲ್ಲಿ ಒಂದು ಕವಲು ಮಾತು. 1988ರಲ್ಲಿ ಹಿಟಾಚಿ ಮೆಟಲ್ಸ್‌ನ ಯೋಶಿಜಾವಾ ಮತ್ತು ಸಂಗಡಿಗರು ಕಬ್ಬಿಣದ ಲೋಹಗಾಜಿಗೆ ಒಂದಿಷ್ಟು ತಾಮ್ರ, ನಿಯೋಬಿಯಂ ಸೇರಿಸಿ ಬೇಕೆಂದೇ ಕಾಯಿಸಿ ಹರಳು ಕಟ್ಟಿಸಿದರು. ಎಲ್ಲರೂ ಹರಳಿಗೆ ಹೆದರುತ್ತಿದ್ದಾಗ ಅದನ್ನೇ ಕರೆದರು. ಆದರೆ ಬಂದ ಹರಳುಗಳು ಹತ್ತು ನ್ಯಾನೊಮೀಟರಿನಷ್ಟು ಚಿಕ್ಕವು, ಕಾಂತ ವಲಯದ ಗೋಡೆಗಳಿಗೆ ಅವು ತಗಲುವುದೇ ಇಲ್ಲ. ಕಾಂತಗುಣ ಹಾಳಾಗುವ ಬದಲು ಇನ್ನೂ ಸುಧಾರಿಸಿತು. ವಿದ್ಯುತ್ ಸೋರಿಕೆಯಾದರೆ ತಟ್ಟನೆ ಕಡಿತಗೊಳಿಸಿ ಜೀವ ಉಳಿಸುವ ಸ್ವಿಚ್ಚುಗಳಲ್ಲಿ, ವಿದ್ಯುತ್ ಗದ್ದಲ ಸೋಸುವ ಫಿಲ್ಟರುಗಳಲ್ಲಿ ಇಂದು ಇಂಥ ತಿರುಳುಗಳಿವೆ.

ಇಷ್ಟು ಹೊತ್ತೂ ಮಾತಾಡಿದ್ದು ತೆಳು ಪಟ್ಟಿಯ ಬಗ್ಗೆ. ಕೈಯಲ್ಲಿ ಹಿಡಿಯುವಷ್ಟು ದಪ್ಪದ ತುಂಡು ಬೇಕಾದರೆ ತಣಿಸುವ ವೇಗದ ಬೇಡಿಕೆ ಇಳಿಯಬೇಕು. 1980ರ ದಶಕದ ಆರಂಭದಲ್ಲಿ ಟರ್ನ್‌ಬುಲ್ ಅವರ ಗುಂಪು ಪಲ್ಲಾಡಿಯಂ, ನಿಕಲ್, ರಂಜಕದ ದ್ರವವನ್ನು ಬೋರಾನ್ ಆಕ್ಸೈಡಿನಲ್ಲಿ ಮುಳುಗಿಸಿ ಕೊಳೆ ತೆಗೆದು ಸೆಂಟಿಮೀಟರ್ ಗಾತ್ರದ ಗಾಜು ಪಡೆಯಿತು. ಹರಳು ಮೊಳೆಯಲು ಆಸರೆಯಾಗುವ ಕಶ್ಮಲವೇ ಇಲ್ಲದಂತೆ ಮಾಡಿದ್ದು ಅವರ ಜಾಣ್ಮೆ. ಆದರೆ ಪಲ್ಲಾಡಿಯಂ ಬೆಲೆಬಾಳುವ ಲೋಹ.

ದೊಡ್ಡ ತಿರುವು ಬಂದದ್ದು ಜಪಾನಿನ ಸೆಂಡಾಯ್ ನಗರದ ತೊಹೊಕು ವಿಶ್ವವಿದ್ಯಾಲಯದಿಂದ. ಅಕಿಹಿಸಾ ಇನೊವೆ ಮತ್ತು ಅವರ ಬಳಗ 1980ರ ದಶಕದ ಕೊನೆಯಿಂದ ಒಂದರ ಹಿಂದೊಂದು ಮಿಶ್ರಣ ಹೊರತಂದಿತು. ಅವರ ಅನುಭವದ ಸಾರ ಹೀಗಿದೆ: ಕನಿಷ್ಠ ಮೂರು ಧಾತುಗಳಿರಲಿ, ಮುಖ್ಯ ಧಾತುಗಳ ಪರಮಾಣು ಗಾತ್ರದಲ್ಲಿ ಶೇಕಡ 12ಕ್ಕಿಂತ ಹೆಚ್ಚು ಅಂತರವಿರಲಿ, ಬೆರೆತಾಗ ಶಾಖ ಬಿಡುಗಡೆಯಾಗುವಷ್ಟು ಪರಸ್ಪರ ಸೆಳೆತವಿರಲಿ. ಒಂದೇ ಗಾತ್ರದ ಗೋಲಿಗಳನ್ನು ತಟ್ಟೆಗೆ ಸುರಿದು ಅಲುಗಿಸಿದರೆ ತಾವಾಗಿಯೇ ಸಾಲುಗಟ್ಟುತ್ತವೆ; ನಾಲ್ಕೈದು ಗಾತ್ರದವನ್ನು ಬೆರೆಸಿ ಸುರಿದರೆ ಎಷ್ಟು ಅಲುಗಿಸಿದರೂ ಸಾಲು ಮೂಡುವುದಿಲ್ಲ. ಪರಮಾಣುಗಳೂ ಹಾಗೆಯೇ ಗೊಂದಲಕ್ಕೆ ಬೀಳುತ್ತವೆ. 1993ರಲ್ಲಿ ಕ್ಯಾಲ್ಟೆಕ್‌ನ ಪೇಕರ್ ಮತ್ತು ವಿಲಿಯಂ ಜಾನ್ಸನ್ ಜಿರ್ಕೋನಿಯಂ, ಟೈಟಾನಿಯಂ, ತಾಮ್ರ, ನಿಕಲ್, ಬೆರಿಲಿಯಂ ಎಂಬ ಐದು ಧಾತುಗಳ ಮಿಶ್ರಣ ಪ್ರಕಟಿಸಿದರು. ವಿಟ್ರಲಾಯ್ ಎಂಬ ಹೆಸರಿನಿಂದ ಅದು ಪ್ರಸಿದ್ಧ. ಅದಕ್ಕೆ ಸೆಕೆಂಡಿಗೆ ಒಂದು ಡಿಗ್ರಿಯ ಆಸುಪಾಸಿನ ವೇಗ ಸಾಕು. ಹತ್ತು ಲಕ್ಷದಿಂದ ಒಂದಕ್ಕೆ, ಮೂವತ್ಮೂರು ವರ್ಷಗಳಲ್ಲಿ! ಮಾಮೂಲಿ ತಾಮ್ರದ ಅಚ್ಚಿನಲ್ಲಿ ಎರಕ ಹೊಯ್ದರೂ ಗಾಜು.

ಅದರ ಗುಣ ನೋಡಿ. ಸುಮಾರು 1.9 ಗಿಗಾಪ್ಯಾಸ್ಕಲ್ ಒತ್ತಡದವರೆಗೂ ಅದು ಬಗ್ಗುವುದಿಲ್ಲ. ವಿಮಾನಗಳಲ್ಲಿ ಬಳಸುವ ಟೈಟಾನಿಯಂ ಮಿಶ್ರಲೋಹದ ಎರಡು ಪಟ್ಟು ಇದು. ಶೇಕಡ 2ರಷ್ಟು ಎಳೆದು ಬಿಟ್ಟರೂ ಮೊದಲಿನ ಉದ್ದಕ್ಕೆ ಮರಳುತ್ತದೆ. ಸಾಮಾನ್ಯ ಲೋಹಗಳು ಶೇಕಡ 1 ಮುಟ್ಟುವ ಮೊದಲೇ ಶಾಶ್ವತವಾಗಿ ವಿಕಾರಗೊಳ್ಳುತ್ತವೆ. ಉಕ್ಕಿನ ಗುಂಡನ್ನು ಇದರ ಮೇಲೆ ಬೀಳಿಸಿದರೆ ಉಕ್ಕಿನ ತಗಡಿನ ಮೇಲೆ ಕುಪ್ಪಳಿಸುವುದಕ್ಕಿಂತ ಎಷ್ಟೋ ಹೆಚ್ಚು ಹೊತ್ತು ಕುಪ್ಪಳಿಸುತ್ತದೆ. ಕೊಟ್ಟ ಶಕ್ತಿಯನ್ನು ನುಂಗದೆ ಹಿಂತಿರುಗಿಸುವ ಗುಣ ಅದು. ಆದ್ದರಿಂದಲೇ 1990ರ ದಶಕದ ಕೊನೆಯಲ್ಲಿ ಅದು ಮೊದಲು ಗಾಲ್ಫ್ ಕೋಲಿನ ತಲೆಯಾಗಿ ಮಾರುಕಟ್ಟೆಗೆ ಬಂತು. ಬಹಳ ಕಾಲ ನಿಲ್ಲಲಿಲ್ಲ.

ಏಕೆ ನಿಲ್ಲಲಿಲ್ಲ ಎಂಬುದರಲ್ಲಿ ಎಂಜಿನಿಯರುಗಳಿಗೆ ದೊಡ್ಡ ವಿಷಯವಿದೆ. ಉಕ್ಕು ಮಿತಿ ಮೀರಿದಾಗ ಮೊದಲು ಬಗ್ಗುತ್ತದೆ. ಸಾಲು ತಪ್ಪಿದ ದೋಷಗಳು ಎಲ್ಲ ಕಡೆ ಸರಿದು ಹೊರೆಯನ್ನು ಹಂಚಿಕೊಳ್ಳುತ್ತವೆ, ನಮಗೆ ಮುನ್ಸೂಚನೆ ಸಿಗುತ್ತದೆ. ಲೋಹಗಾಜಿನಲ್ಲಿ ಅಂಥ ದೋಷಗಳಿಲ್ಲ. ಅದರ ಬಲಕ್ಕೆ ಕಾರಣವೂ ಅದೇ, ದೌರ್ಬಲ್ಯಕ್ಕೆ ಕಾರಣವೂ ಅದೇ. ಮಿತಿ ಮೀರಿದ ಕ್ಷಣ ಹತ್ತಿಪ್ಪತ್ತು ನ್ಯಾನೊಮೀಟರ್ ದಪ್ಪದ ಒಂದೇ ಪದರದಲ್ಲಿ ಎಲ್ಲ ಜಾರುವಿಕೆ ಕೇಂದ್ರೀಕರಿಸುತ್ತದೆ. ಜಾರಿದ ಪದರ ಮೆತ್ತಗಾಗುತ್ತದೆ, ಮೆತ್ತಗಾದಷ್ಟೂ ಅಲ್ಲೇ ಜಾರುತ್ತದೆ, ತುಂಡು ಎರಡಾಗುತ್ತದೆ. ಎಳೆದು ಪರೀಕ್ಷಿಸಿದರೆ ಬಹುತೇಕ ಯಾವ ಎಚ್ಚರಿಕೆಯನ್ನೂ ಕೊಡದೆ ಹೋಗುತ್ತದೆ. ಮತ್ತೆ ಮತ್ತೆ ಬಡಿದರೆ ಬರುವ ಆಯಾಸವನ್ನು ತಾಳುವ ಶಕ್ತಿಯೂ ಮೊದಲ ಅಳತೆಗಳಲ್ಲಿ ನಿರಾಶಾದಾಯಕವಾಗಿತ್ತು. ಜಾನ್ಸನ್ ಅವರ ಗುಂಪು 2000ದಲ್ಲೂ 2008ರಲ್ಲೂ ಇದಕ್ಕೊಂದು ದಾರಿ ತೋರಿತು: ಗಾಜಿನೊಳಗೆ ಮೆತ್ತನೆಯ ಸ್ಫಟಿಕದ ಕವಲುಗಳನ್ನು ಬೆಳೆಯಲು ಬಿಟ್ಟರೆ ಜಾರುವ ಪದರ ಅಲ್ಲಲ್ಲಿ ತಡೆದು ನಿಲ್ಲುತ್ತದೆ. ಅದು ನಿಜವಾದ ಪ್ರಗತಿ. ಆದರೂ ಸೇತುವೆಯ ತೊಲೆಗೋ ಗಾಡಿಯ ಅಚ್ಚಿಗೋ ಲೋಹಗಾಜನ್ನು ತರಬೇಕೆಂಬ ಆಸೆಯನ್ನು ಬಿಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಉಕ್ಕಿನ ಕೆಲಸವನ್ನು ಉಕ್ಕು ಮಾಡಲಿ. ಈ ಲೋಹಕ್ಕೆ ಅದರ ಸ್ವಭಾವವೇ ಅಗತ್ಯವಾಗುವ ಕೆಲಸ ಹುಡುಕಿದಾಗಲೆಲ್ಲ ಅದು ಬೆರಗುಗೊಳಿಸಿದೆ.

ಅಂಥ ಒಂದು ಕೆಲಸ ಬಾಹ್ಯಾಕಾಶದಲ್ಲಿ ಸಿಕ್ಕಿತು. 2001ರಲ್ಲಿ ನಾಸಾ ಹಾರಿಸಿದ ಜೆನೆಸಿಸ್ ನೌಕೆ ಸೂರ್ಯನಿಂದ ಬೀಸುವ ಕಣಗಳನ್ನು ಹಿಡಿದು ತರಬೇಕಿತ್ತು. ಕಣಗಳು ಬಡಿದು ಹುದುಗಲು ಹಲವು ಬಗೆಯ ಫಲಕಗಳನ್ನು ಒಯ್ದಿದ್ದರು. ಅವುಗಳಲ್ಲಿ ಒಂದು ಜಿರ್ಕೋನಿಯಂ ಆಧಾರಿತ ಲೋಹಗಾಜಿನದು. 2004ರ ಸೆಪ್ಟೆಂಬರ್ 8ರಂದು ಮರಳಿ ಬಂದ ಕೋಶದ ಪ್ಯಾರಾಚೂಟ್ ತೆರೆದುಕೊಳ್ಳಲಿಲ್ಲ. ವೇಗ ಇಳಿಯುವುದನ್ನು ಗ್ರಹಿಸಬೇಕಾದ ಸ್ವಿಚ್ಚುಗಳು ವಿನ್ಯಾಸದಲ್ಲೇ ತಿರುಗುಮುರುಗಾಗಿದ್ದವು. ಕೋಶ ಯೂಟಾದ ಮರುಭೂಮಿಗೆ ಗಂಟೆಗೆ ಮುನ್ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ಅಪ್ಪಳಿಸಿತು. ಅನೇಕ ಫಲಕಗಳು ಚೂರುಚೂರಾದವು, ಲೋಹಗಾಜು ಉಳಿಯಿತು. ಆದರೆ ಅದನ್ನು ಆಯ್ದದ್ದು ಅಪಘಾತಕ್ಕೆ ಅಂಜಿ ಅಲ್ಲ. ಆಮ್ಲದಿಂದ ಪದರ ಪದರವಾಗಿ ಕರಗಿಸಿ, ಯಾವ ಆಳದಲ್ಲಿ ಯಾವ ಅನಿಲ ಸಿಕ್ಕಿದೆ ಎಂದು ಅಳೆಯಬೇಕಿತ್ತು. ಹರಳುಗಳಿರುವ ಲೋಹವನ್ನು ಆಮ್ಲ ಗಡಿಗಳಲ್ಲಿ ಬೇಗ, ಒಳಗೆ ನಿಧಾನವಾಗಿ ತಿನ್ನುತ್ತದೆ. ಪದರ ಸಮನಾಗಿ ಹೋಗುವುದಿಲ್ಲ. ಗಾಜಿನಲ್ಲಿ ಗಡಿಯೇ ಇಲ್ಲ. ಹೀಗೆ ಕರಗಿಸಿ ನಿಯಾನ್ ಅನಿಲವನ್ನು ಅಳೆದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಚಂದ್ರನ ಮಣ್ಣಿನಲ್ಲಿ ಕಂಡ ಎರಡು ಬಗೆಯ ನಿಯಾನ್‌ಗೆ ಸೂರ್ಯನಲ್ಲಿ ಎರಡು ಮೂಲಗಳನ್ನು ಹುಡುಕಬೇಕಿಲ್ಲ, ಭಾರದ ಪರಮಾಣುಗಳು ಹಗುರದವಕ್ಕಿಂತ ಹೆಚ್ಚು ಆಳಕ್ಕೆ ಹೂತುಹೋಗುವುದರಿಂದಲೇ ಆ ವ್ಯತ್ಯಾಸ ಎಂದು ಅದು ತೋರಿಸಿತು.

ಇನ್ನೊಂದು ಕೆಲಸ ಹಲ್ಲುಚಕ್ರದ್ದು. ರೋಬಾಟಿನ ಕೀಲುಗಳಲ್ಲಿ ತೆಳು ಬಟ್ಟಲಿನ ಆಕಾರದ ಒಂದು ಚಕ್ರವಿರುತ್ತದೆ. ಅದು ಪ್ರತಿ ಸುತ್ತಿಗೂ ಅಂಡಾಕಾರಕ್ಕೆ ಬಾಗಿ ಮತ್ತೆ ದುಂಡಾಗಬೇಕು. ಉಕ್ಕಿನಲ್ಲಿ ಅದನ್ನು ಕೊರೆದು ಮಾಡುವುದು ದುಬಾರಿ. ಲೋಹಗಾಜು ಹೆಚ್ಚು ಬಾಗುತ್ತದೆ, ಗಡಸಾಗಿದೆ, ಅಚ್ಚಿನಲ್ಲಿ ನೇರವಾಗಿ ಎರಕಕ್ಕೆ ಬರುತ್ತದೆ. ನಾಸಾದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದಲ್ಲಿ ಡಗ್ಲಸ್ ಹಾಫ್‌ಮನ್ ಅವರ ಗುಂಪು ಇಂಥ ಚಕ್ರಗಳನ್ನು ಬೆಳೆಸಿದೆ. ಮಂಗಳದಂಥ ಚಳಿಯ ಲೋಕದಲ್ಲಿ ಕೀಲೆಣ್ಣೆ ಗಟ್ಟಿಯಾಗುತ್ತದೆ, ರೋವರ್ ಹೊರಡುವ ಮೊದಲು ಅದನ್ನು ಕಾಯಿಸಲೆಂದೇ ಅಮೂಲ್ಯ ವಿದ್ಯುತ್ ಖರ್ಚಾಗುತ್ತದೆ. ಲೋಹಗಾಜಿನ ಚಕ್ರಗಳು ಮೈನಸ್ 200 ಡಿಗ್ರಿ ಸೆಲ್ಸಿಯಸ್‌ನಲ್ಲೂ ದ್ರವರೂಪದ ಕೀಲೆಣ್ಣೆ ಇಲ್ಲದೆ ಪರೀಕ್ಷೆಯಲ್ಲಿ ಸಲೀಸಾಗಿ ತಿರುಗಿವೆ.

ಎರಕದ ವಿಷಯ ಬಂದದ್ದರಿಂದ ಒಂದು ಮಾತು. ಸಾಮಾನ್ಯ ಲೋಹ ಹರಳು ಕಟ್ಟುವಾಗ ಒಮ್ಮೆಲೇ ಕುಗ್ಗುತ್ತದೆ. ಅಚ್ಚಿನ ಅಳತೆಗೂ ಹೊರಬಂದ ವಸ್ತುವಿನ ಅಳತೆಗೂ ಅಂತರ ಬಿದ್ದು ಮತ್ತೆ ಕೊರೆಯಬೇಕಾಗುತ್ತದೆ. ಗಾಜಿಗೆ ಆ ಹಠಾತ್ ಕುಗ್ಗುವಿಕೆ ಇಲ್ಲ, ಅಚ್ಚಿನ ನುಣುಪೂ ಸೂಕ್ಷ್ಮ ಗೆರೆಗಳೂ ಹಾಗೆಯೇ ಮೂಡುತ್ತವೆ. ಇನ್ನೂ ವಿಶೇಷವೆಂದರೆ, ಮತ್ತೆ ಕಾಯಿಸಿದರೆ ಕರಗುವ ಬಹಳ ಮೊದಲೇ ಮೆತ್ತಗಾಗುತ್ತದೆ. ವಿಟ್ರಲಾಯ್‌ಗೆ ಸುಮಾರು 350 ಡಿಗ್ರಿ ದಾಟಿದರೆ ಸಾಕು. ಯೇಲ್ ವಿಶ್ವವಿದ್ಯಾಲಯದ ಯಾನ್ ಶ್ರೋಯರ್ಸ್ ಅವರು ಆ ಸ್ಥಿತಿಯಲ್ಲಿ ಲೋಹಗಾಜಿಗೆ ಗಾಳಿ ಊದಿ, ಪ್ಲಾಸ್ಟಿಕ್ ಬಾಟಲಿ ಮಾಡುವಂತೆ ತೆಳುಗೋಡೆಯ ಪಾತ್ರೆಗಳನ್ನು ಮಾಡಿ ತೋರಿಸಿದ್ದಾರೆ. ಇಲ್ಲಿಯೂ ಗಡಿಯಾರ ಓಡುತ್ತಿರುತ್ತದೆ: ಕೆಲವೇ ನಿಮಿಷಗಳು, ತಡವಾದರೆ ಹರಳು. ಮೊಬೈಲ್ ಫೋನಿನ ಸಿಮ್ ತಟ್ಟೆ ತೆಗೆಯುವ ಪುಟ್ಟ ಕಡ್ಡಿಯಾಗಿ ಆಪಲ್ ಇದನ್ನು ಬಳಸಿದ್ದು ಕೆಲವರಿಗೆ ಗೊತ್ತಿರಬಹುದು. ಆಮ್ಲಜನಕ ಸೇರಿದರೆ ಜಿರ್ಕೋನಿಯಂ ಗಾಜು ಕೆಡುವುದರಿಂದ ಶುದ್ಧ ಕಚ್ಚಾ ಲೋಹ ಮತ್ತು ನಿರ್ವಾತದ ಕುಲುಮೆ ಬೇಕು. ಬೆರಿಲಿಯಂ ಇರುವ ಮಿಶ್ರಣದ ಧೂಳು ಶ್ವಾಸಕೋಶಕ್ಕೆ ಅಪಾಯ. ದುಬಾರಿಯಾಗಿ ಉಳಿದಿರುವುದಕ್ಕೆ ಕಾರಣಗಳು ಇವೆಲ್ಲ.

ತುಕ್ಕಿನ ವಿಷಯದಲ್ಲಿ 1974ರಲ್ಲೇ ಸೆಂಡಾಯ್‌ನ ಸಂಶೋಧಕರು ಕ್ರೋಮಿಯಂ, ರಂಜಕ, ಇಂಗಾಲ ಸೇರಿದ ಕಬ್ಬಿಣದ ಲೋಹಗಾಜು ತೀವ್ರ ಕ್ಲೋರೈಡ್ ದ್ರಾವಣದಲ್ಲೂ ಅಲುಗದೆ ನಿಲ್ಲುವುದನ್ನು ತೋರಿಸಿದ್ದರು. ಇಂಥ ಮಿಶ್ರಣಗಳನ್ನು ಪುಡಿಯಾಗಿಸಿ ಬಿಸಿ ಸಿಂಪಡಣೆಯಿಂದ ಕೊರೆಯುವ ಕೊಳವೆ, ಪಂಪುಗಳಿಗೆ ಹೊದಿಸುತ್ತಾರೆ. ವೈದ್ಯಕೀಯದಲ್ಲಿ, ಮುರಿದ ಮೂಳೆ ಕೂಡುವವರೆಗೆ ಆಸರೆ ಕೊಟ್ಟು ತಾನೇ ಕರಗಿಹೋಗುವ ಮೆಗ್ನೀಸಿಯಂ ಮೊಳೆಗಳ ಕನಸು ಹಳೆಯದು. ಕರಗುವಾಗ ಹೈಡ್ರೋಜನ್ ಗುಳ್ಳೆಗಳೇಳುವುದು ತೊಂದರೆ. ಜ್ಯೂರಿಕ್‌ನ ಇಟಿಎಚ್ ಸಂಸ್ಥೆಯವರು 2009ರಲ್ಲಿ, ಗಾಜಿನ ರೂಪದಲ್ಲಾದರೆ ಮೆಗ್ನೀಸಿಯಂಗೆ ಎಷ್ಟೋ ಹೆಚ್ಚು ಸತುವು ಸೇರಿಸಬಹುದು, ಆಗ ಗುಳ್ಳೆ ತೀರ ಕಡಿಮೆಯಾಗುತ್ತದೆ ಎಂದು ತೋರಿಸಿದರು.

ಕೊನೆಯದಾಗಿ ಮೋಟಾರುಗಳ ಬಗ್ಗೆ. ಮೋಟಾರು ವೇಗವಾಗಿ ತಿರುಗಿದಷ್ಟೂ ಅದರ ತಿರುಳಿನ ಕಾಂತತ್ವ ಸೆಕೆಂಡಿಗೆ ನೂರಾರು ಸಲ ಬದಲಾಗುತ್ತದೆ. ಆಗ ಸಿಲಿಕಾನ್ ಉಕ್ಕಿನ ನಷ್ಟ ಬೇಗನೆ ಏರುತ್ತದೆ, ಲೋಹಗಾಜಿನದು ನಿಧಾನವಾಗಿ ಏರುತ್ತದೆ. ಹಾಗಿದ್ದರೆ ಎಲ್ಲ ಮೋಟಾರುಗಳಲ್ಲೂ ಇದು ಏಕಿಲ್ಲ? ಮೋಟಾರಿನ ತಿರುಳಿಗೆ ಹಲ್ಲುಗಳಿರುತ್ತವೆ. ಗಡಸಾದ, ಕೂದಲಿಗಿಂತ ತೆಳುವಾದ ಪಟ್ಟಿಯಲ್ಲಿ ಆ ಹಲ್ಲುಗಳನ್ನು ಕತ್ತರಿಸಿದರೆ ಅಚ್ಚು ಬೇಗ ಸವೆಯುತ್ತದೆ. ಲಕ್ಷಾಂತರ ಸಲ ಕತ್ತರಿಸಬೇಕಾದ ಕಾರ್ಖಾನೆಗೆ ಅದು ದೊಡ್ಡ ಅಡ್ಡಿ. ಒಂದು ದಾರಿ ಎಂದರೆ ಮೋಟಾರಿನ ಆಕಾರವನ್ನೇ ಬದಲಿಸುವುದು. ಚಪ್ಪಟೆ ತಟ್ಟೆಗಳು ಎದುರುಬದುರಾಗಿ ತಿರುಗುವ ವಿನ್ಯಾಸದಲ್ಲಿ ತಿರುಳು ಸರಳ ಆಕಾರದ ತುಂಡುಗಳಾಗಿರಬಹುದು, ಹಲ್ಲು ಕತ್ತರಿಸಬೇಕಿಲ್ಲ. 2012ರಲ್ಲಿ ಹಿಟಾಚಿ ಇದೇ ಬಗೆಯಲ್ಲಿ, ವಿರಳ ಭಸ್ಮ ಲೋಹಗಳ (ರೇರ್ ಅರ್ತ್) ಅಯಸ್ಕಾಂತವಿಲ್ಲದೆ, 11 ಕಿಲೋವಾಟ್ ಮೋಟಾರು ಮಾಡಿ ತೋರಿಸಿತು. ನಿಮ್ಮಲ್ಲಿ ಯಂತ್ರವಿನ್ಯಾಸ ಓದುತ್ತಿರುವವರು ಈ ಕತ್ತರಿಸುವ ಸಮಸ್ಯೆಯನ್ನು ಕೈಗೆತ್ತಿಕೊಳ್ಳಬೇಕೆಂದು ನನ್ನ ಕೋರಿಕೆ. ಮಿಶ್ರಲೋಹ ಸಿದ್ಧವಾಗಿದೆ, ಪಟ್ಟಿ ಮಾರುಕಟ್ಟೆಯಲ್ಲಿದೆ. ಉಳಿದಿರುವುದು ಅಚ್ಚು ಮತ್ತು ಕತ್ತರಿಯ ಕೆಲಸ.